ಮೋವಾಬ್ಯಳಾದ ರೂತಳ ಚರಿತ್ರೆ



ಹಳೇ ಒಡಂಬಡಿಕೆಯ ೩೯ ಪುಸ್ತಕಗಳಲ್ಲಿ ಸ್ತ್ರೀಯರ ಹೆಸರನ್ನು ಹೊತ್ತಿರುವವು ಎರಡೇ ಎರಡು. ಒಂದು ಎಸ್ತೇರಳದು, ಮತ್ತೊಂದು ರೂತಳದು. ಎಸ್ತೇರಳು ಪಾರಸಿಯ ಅರಮನೆಯಲ್ಲಿ ರಾಣಿಯಾಗಿದ್ದು ತನ್ನ ಜನರನ್ನು ಮರಣದಿಂದ ತಪ್ಪಿಸಿದಳು. ರೂತಳಾದರೋ ರಾಣಿಯಲ್ಲ; ದೆಬೋರಳಂತೆ ಜನರಿಗೆ ನ್ಯಾಯ ತೀರಿಸಿದವಳಲ್ಲ; ಮಿರ್ಯಾಮಳಂತೆ ಪ್ರವಾದಿನಿಯೂ ಅಲ್ಲ. ಪರರ ಹೊಲದಲ್ಲಿ ಬಿದ್ದ ತೆನೆಗಳನ್ನು ಆಯ್ದು ತಂದು, ತನ್ನ ಹೊಟ್ಟೆಯನ್ನೂ ಅತ್ತೆಯ ಹೊಟ್ಟೆಯನ್ನೂ ಹೊರೆದ ಒಬ್ಬ ಬಡ ವಿಧವೆ ಆಕೆ. ಆಕೆಯ ಪುಸ್ತಕದಲ್ಲಿರುವದು ನಾಲ್ಕು ಅಧ್ಯಾಯ, ೮೫ ವಚನ. ದೀಪ ಹಚ್ಚಿ ಕುಳಿತು ಓದಿದರೆ ಅಡಿಗೆಯ ಎಸರು ಕುದಿಯುವಷ್ಟರಲ್ಲಿ ಮುಗಿಯುವದು. ಆದರೂ ಬಳ್ಳಾರಿಯ ಲಂಡನ್ ಮಿಷನ್ನಿನವರ ಪ್ರಯಾಸದಿಂದ ೧೮೩೧ ರಲ್ಲಿ ಸತ್ಯವೇದವು ಪೂರ್ಣವಾಗಿ ಕನ್ನಡ ನುಡಿಯಲ್ಲಿ ದೊರೆತಂದಿನಿಂದ ನಮ್ಮ ತಾಯಂದಿರು ಮತ್ತೆ ಮತ್ತೆ ಕೇಳಬಯಸಿದ ಪುಸ್ತಕಗಳಲ್ಲಿ ಇದೂ ಒಂದು. ಹುಟ್ಟಿನಿಂದ ದೇವಜನರಲ್ಲಿ ಸೇರದೆ, ಮನಃಪೂರ್ವಕವಾಗಿ ಬಂದು ಸೇರಿದವಳ ಚರಿತ್ರೆ ಇದಾಗಿರುವದರಿಂದ, ನಮ್ಮ ಹಿರಿಯರ ಚರಿತ್ರೆಯೂ ಇದರೊಳಗೆ ಅಡಗಿರುವದೆಂದು ನಾವು ಎಣಿಸುತ್ತೇವೆ.

ರೂತಳು ಬಾಳಿದ್ದು ಇಸ್ರಾಯೇಲ್ಯರಿಗೆ ಅರಸನಿಲ್ಲದೆ ನ್ಯಾಯಸ್ಥಾಪಕರು ಆಳುತ್ತಿದ್ದ ದಿನಗಳಲ್ಲಿ, ಅಂದರೆ ಕ್ರಿಸ್ತಪೂರ್ವ ಸುಮಾರು ೧೧೦೦ ರಲ್ಲಿ. ಆ ಕಾಲದಲ್ಲಿ ಯೆಹೂದ ಸೀಮೆಗೆ ಬರ ಬಂದಿತು. ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂದರ್ಥ. ಆ ರೊಟ್ಟಿಯ ಮನೆಯಲ್ಲಿಯೇ ರೊಟ್ಟಿ ಇಲ್ಲದಂತಾಯಿತು. ಆಗ ಎಲೀಮೆಲೆಕನೆಂಬವನು ತನ್ನ ಹೆಂಡತಿಯಾದ ನೊವೊಮಿಯನ್ನೂ, ಮಹ್ಲೋನ ಕಿಲ್ಯೋನರೆಂಬ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು, ಲವಣಸಮುದ್ರದ ಆಚೆ ದಡದಲ್ಲಿದ್ದ ಮೋವಾಬ್ ದೇಶಕ್ಕೆ ಹೊರಟುಹೋದನು.

ಬರಕ್ಕೆ ಹೆದರಿ ಹೊಲಮನೆಗಳನ್ನು ಬಿಟ್ಟು ಹೊರಡುವದೇನೆಂಬದು ಕನ್ನಡನಾಡಿನವರಾದ ನಮಗೆ ತಿಳಿಯದ ಸಂಗತಿಯಲ್ಲ. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ ೧೮೭೬-೭೮ ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಗ್ರಾಮಗಳು ಬರಿದಾದವು. ೧೮೭೧ ರ ಜನಗಣತಿಯಲ್ಲಿ ೫೦ ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು ೧೮೮೧ ರಲ್ಲಿ ೪೨ ಲಕ್ಷಕ್ಕೆ ಇಳಿದಿತ್ತು. ಆಗ ತಾಯಿತಂದೆಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಷನ್ನುಗಳವರು ಅನಾಥಾಲಯಗಳಲ್ಲಿ ಸೇರಿಸಿಕೊಂಡು ಸಾಕಿದರು. ನಮ್ಮ ಸಭೆಗಳಲ್ಲಿ ಕೆಲವು ಮನೆತನಗಳ ಮೂಲವು ಆ ಮಕ್ಕಳೇ. ಆದುದರಿಂದ ಎಲೀಮೆಲೆಕನ ಪಯಣವನ್ನು ದೂರದ ಕಥೆಯೆಂದು ಓದದಿರೋಣ.

ಅವನು ಹೋದ ದೇಶವಾದರೋ ಇಸ್ರಾಯೇಲ್ಯರಿಗೆ ಪ್ರೀತಿಯ ದೇಶವಲ್ಲ. ಮೋವಾಬ್ಯರು ಅಬ್ರಹಾಮನ ತಮ್ಮನ ಮಗನಾದ ಲೋಟನ ಸಂತತಿಯವರು. ರಕ್ತದಲ್ಲಿ ಬಂಧುಗಳು, ನಡತೆಯಲ್ಲಿ ವೈರಿಗಳು. ಇಸ್ರಾಯೇಲ್ಯರು ಐಗುಪ್ತದಿಂದ ಹೊರಟು ಬಳಲಿ ಬರುತ್ತಿದ್ದಾಗ ಮೋವಾಬ್ಯರು ರೊಟ್ಟಿಯನ್ನೂ ನೀರನ್ನೂ ತಂದು ಎದುರುಗೊಳ್ಳಲಿಲ್ಲ. ಅವರ ಅರಸನಾದ ಬಾಲಾಕನು ಬಿಳಾಮನಿಗೆ ಹಣಕೊಟ್ಟು ಇವರನ್ನು ಶಪಿಸಲು ಕರೆಸಿದನು. ಈ ಎರಡು ಕಾರಣಗಳನ್ನು ಹೇಳಿ, ಮೋವಾಬ್ಯರು ಹತ್ತನೆಯ ತಲೆಯವರೆಗೂ ಯೆಹೋವನ ಸಭೆಯಲ್ಲಿ ಸೇರಕೂಡದೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಸಲ್ಪಟ್ಟಿದೆ. ಈ ವಿಧಿಯನ್ನೂ ಅದಕ್ಕೆ ಹೇಳಿದ ಕಾರಣವನ್ನೂ ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ರೊಟ್ಟಿ ಮತ್ತು ನೀರು, ಇವೆರಡೂ ಈ ಚರಿತ್ರೆಯಲ್ಲಿ ಮುಂದೆ ತಿರಿಗಿ ಬರುವವು.

ಮೋವಾಬ್ಯರ ದೇವರು ಕೆಮೋಷ್. ೧೮೬೮ ರಲ್ಲಿ ಕ್ಲೈನ್ ಎಂಬ ಮಿಷನೆರಿಯೊಬ್ಬರು ಮೋವಾಬಿನ ದೀಬೋನ್ ಎಂಬ ಸ್ಥಳದಲ್ಲಿ ಒಂದು ಕರಿಯ ಶಿಲಾಶಾಸನವನ್ನು ಕಂಡರು. ರೂತಳಿಗಿಂತ ಸುಮಾರು ಎರಡೂವರೆ ಶತಮಾನಗಳ ತರುವಾಯ ಮೇಷನೆಂಬ ಮೋವಾಬ್ಯರ ಅರಸನು ಅದನ್ನು ಕೆತ್ತಿಸಿ, ಕೆಮೋಷನ ಹೆಸರಿನಲ್ಲಿ ತನ್ನ ಜಯಗಳನ್ನು ಬರೆಯಿಸಿದ್ದಾನೆ. ಆ ಶಾಸನದ ಭಾಷೆಯು ಇಬ್ರಿಯ ಭಾಷೆಗೆ ಬಹು ಸಮೀಪವಾದದ್ದು. ಆದಕಾರಣ ಬೇತ್ಲೆಹೇಮಿನ ಅತ್ತೆಗೂ ಮೋವಾಬಿನ ಸೊಸೆಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯುವದು ಕಷ್ಟವಾಗಿರಲಾರದು. ಅವರನ್ನು ಅಗಲಿಸುತ್ತಿದ್ದದ್ದು ಭಾಷೆಯಲ್ಲ. ಹಳೆಯ ಹಗೆಯೂ ಬೇರೆ ದೇವರೂ.

ಮೋವಾಬಿನಲ್ಲಿ ಎಲೀಮೆಲೆಕನು ಸತ್ತನು. ಗಂಡುಮಕ್ಕಳಿಬ್ಬರೂ ಆ ದೇಶದ ಕನ್ಯೆಯರಾದ ಒರ್ಫಾ ರೂತರನ್ನು ಮದುವೆಯಾದರು. ಸುಮಾರು ಹತ್ತು ವರ್ಷಗಳಾದ ಮೇಲೆ ಆ ಮಕ್ಕಳೂ ಸತ್ತರು. ಒಂದೇ ಮನೆಯಲ್ಲಿ ಮೂವರು ವಿಧವೆಯರು ಉಳಿದರು. ಮೂವರಿಗೂ ಒಂದು ಕೂಸೂ ಇರಲಿಲ್ಲ. ಅಷ್ಟರಲ್ಲಿ ಯೆಹೂದ ಸೀಮೆಯಲ್ಲಿ ಬೆಳೆಯಾಗಿದೆಯೆಂಬ ಸಮಾಚಾರವನ್ನು ಕೇಳಿ ನೊವೊಮಿಯು ಸ್ವದೇಶಕ್ಕೆ ಹೊರಟಳು. ಸೊಸೆಯರಿಬ್ಬರೂ ಆಕೆಯ ಸಂಗಡ ಹೊರಟರು. ದಾರಿಯಲ್ಲಿ ನೊವೊಮಿಯು ನಿಂತು, ತಮ್ಮ ತಮ್ಮ ತೌರುಮನೆಗಳಿಗೆ ತಿರಿಗಿ ಹೋಗಿ ಬೇರೆ ಮದುವೆ ಮಾಡಿಕೊಂಡು ಸುಖವಾಗಿರಬೇಕೆಂದು ಅವರನ್ನು ಬೇಡಿಕೊಂಡಳು. ತನಗಿನ್ನು ಮಕ್ಕಳಾಗುವ ವಯಸ್ಸಿಲ್ಲವೆಂದೂ, ಯೆಹೋವನ ಹಸ್ತವೇ ತನಗೆ ವಿರೋಧವಾಗಿ ಎದ್ದಿದೆಯೆಂದೂ ಹೇಳಿಕೊಂಡಳು. ಒರ್ಫಳು ಅತ್ತೆಗೆ ಮುದ್ದಿಟ್ಟು ಅಳುತ್ತಾ ಹಿಂದಿರುಗಿದಳು. ಆಕೆಯನ್ನು ಸತ್ಯವೇದವು ನಿಂದಿಸುವದಿಲ್ಲ, ನಾವೂ ನಿಂದಿಸಬಾರದು. ಹಿರಿಯಳ ಮಾತನ್ನು ಆಕೆ ನಡಿಸಿದಳು.

ರೂತಳಾದರೋ ಹಿಂದಿರುಗಲೊಲ್ಲೆನೆಂದಳು. ಇನ್ನು ಮುಂದೆ ಅತ್ತೆಯ ದಾರಿಯೇ ತನ್ನ ದಾರಿ, ಅತ್ತೆಯ ಮನೆಯೇ ತನ್ನ ಮನೆ, ಅತ್ತೆಯ ಜನವೂ ದೇವರೂ ತನಗೂ ಜನವೂ ದೇವರೂ ಆಗಿರಲೆಂದು ಆಣೆಯಿಟ್ಟಳು. ಸತ್ತಮೇಲೆ ಸಮಾಧಿಯೂ ಆ ಮಣ್ಣಿನಲ್ಲಿಯೇ ಆಗಲೆಂದಳು. ಆಕೆಯು ಹೀಗೆ ಹೇಳಿದ ಗಳಿಗೆ ಎಂಥದೆಂದು ಆಲೋಚಿಸೋಣ. ನೊವೊಮಿಯು ಆಗ ಸುವಾರ್ತೆಯನ್ನು ಸಾರುತ್ತಿರಲಿಲ್ಲ. ದೇವರ ಮೇಲೆ ದೂರು ಹೇಳುತ್ತಿದ್ದಳು. ರೂತಳಿಗೆ ಅನ್ನದ ಆಸೆಯನ್ನಾಗಲಿ ಗಂಡನ ಆಸೆಯನ್ನಾಗಲಿ ಯಾರೂ ತೋರಿಸಲಿಲ್ಲ. ಗಂಡನ ಆಸೆಯಿಲ್ಲವೆಂದೇ ತಿಳಿಸಲಾಯಿತು. ಅನ್ನದ ಆಸೆಗಾಗಿ ಮತ ಬಿಟ್ಟವರೆಂದು ನಮ್ಮ ತಾತಂದಿರು ಊರವರಿಂದ ಕೇಳಿದ ಮಾತು ಇಂದಿಗೂ ಅಲ್ಲಲ್ಲಿ ನಮ್ಮ ಕಿವಿಗೆ ಬೀಳುತ್ತದೆ. ಅಂಥ ಮಾತಿಗೆ ರೂತಳ ಚರಿತ್ರೆಯೇ ಉತ್ತರ. ತುಂಬಿದ ಮನೆಯನ್ನು ಹಿಂದೆ ಬಿಟ್ಟು ಬರಿದಾದ ಮನೆಯ ಕಡೆಗೆ ಆಕೆ ನಡೆದಳು. ಹತ್ತು ವರ್ಷ ಆ ಅತ್ತೆಯೊಡನೆ ಒಂದೇ ಒಲೆಯ ಮುಂದೆ ಇದ್ದು, ದುಃಖದಲ್ಲಿ ದೇವರನ್ನು ದೂರಿದರೂ ದೇವರನ್ನು ಬಿಡದ ಒಬ್ಬ ಹೆಂಗಸನ್ನು ಕಂಡಿದ್ದಳು. ಅದೇ ಆಕೆಗೆ ಸಾಕಾಯಿತೆಂದು ನಮಗೆ ತೋರುತ್ತದೆ.

ಇಬ್ಬರೂ ಕಾಲ್ನಡಿಗೆಯಾಗಿ ನಡೆದರು. ಮೋವಾಬಿನ ಎತ್ತರದ ಬೈಲಿನಿಂದ ಯೊರ್ದನಿನ ತಗ್ಗಿಗೆ ಇಳಿಯಬೇಕು. ಆ ತಗ್ಗಿನಲ್ಲಿರುವ ಲವಣಸಮುದ್ರವು ಬೇರೆ ಸಮುದ್ರಗಳ ಮಟ್ಟಕ್ಕಿಂತ ೪೦೦ ಮೀಟರಿಗೂ ಹೆಚ್ಚು ಕೆಳಗಿದೆ. ಅಲ್ಲಿಂದ ತಿರಿಗಿ ಬೇತ್ಲೆಹೇಮಿನ ಗುಡ್ಡಗಳಿಗೆ ಸಾವಿರ ಮೀಟರಿಗೆ ಮೇಲ್ಪಟ್ಟು ಏರಬೇಕು. ಗಂಡಸರ ಕಾವಲಿಲ್ಲದೆ ಇಬ್ಬರು ವಿಧವೆಯರು ಹಾಗೆ ನಡೆದು ಊರನ್ನು ಮುಟ್ಟಿದಾಗ ಊರೆಲ್ಲಾ ಗದ್ದಲವಾಯಿತು. ಇವಳು ನೊವೊಮಿಯೋ ಎಂದು ಹೆಂಗಸರು ಒಬ್ಬರನ್ನೊಬ್ಬರು ಕೇಳಿದರು. ಆಕೆಯು, ಇಂಪು ಎಂಬರ್ಥವುಳ್ಳ ನೊವೊಮಿಯೆಂಬ ಹೆಸರು ತನಗಿನ್ನು ಬೇಡವೆಂದೂ, ಕಹಿ ಎಂಬರ್ಥವುಳ್ಳ ಮಾರಾ ಎಂದು ತನ್ನನ್ನು ಕರೆಯಬೇಕೆಂದೂ ಹೇಳಿ, ತುಂಬಿದವಳಾಗಿ ಹೋದ ತನ್ನನ್ನು ಯೆಹೋವನು ಬರಿಗೈಯವಳನ್ನಾಗಿ ತಿರಿಗಿ ಬರಮಾಡಿದನೆಂದು ಅತ್ತಳು.

ಆಕೆಯು ಆ ಮಾತನ್ನು ಆಡುವಾಗ ರೂತಳು ಪಕ್ಕದಲ್ಲಿಯೇ ನಿಂತಿದ್ದಳು. ಎಲ್ಲವನ್ನೂ ಬಿಟ್ಟು ಸಂಗಡ ಬಂದವಳು ಮಗ್ಗುಲಲ್ಲಿ ನಿಂತಿರಲಾಗಿ, ತಾನು ಬರಿಗೈಯಲ್ಲಿ ಬಂದೆನೆಂದು ನೊವೊಮಿಯು ಹೇಳಿದಳು. ಊರ ಹೆಂಗಸರಾದರೂ ಈ ಹುಡುಗಿ ಯಾರೆಂದು ಕೇಳಿದ್ದಾಗಿ ಗ್ರಂಥದಲ್ಲಿಲ್ಲ. ದುಃಖವು ಒಬ್ಬರ ಕಣ್ಣನ್ನು ಕಟ್ಟಿತ್ತು, ಹಳೆಯ ಅಭ್ಯಾಸವು ಉಳಿದವರ ಕಣ್ಣನ್ನು ಕಟ್ಟಿತ್ತು. ರೂತಳು ಏನೂ ಮಾತಾಡಲಿಲ್ಲ.

ಅದು ಜವೆಗೋಧಿಯ ಸುಗ್ಗಿ ಆರಂಭವಾದ ಕಾಲ, ನಮ್ಮ ಏಪ್ರಿಲ್ ತಿಂಗಳಿನ ಸುಮಾರು. ಮರುದಿನಗಳಲ್ಲಿ ರೂತಳು ಅತ್ತೆಯ ಅಪ್ಪಣೆಯನ್ನು ಪಡೆದು ಹಕ್ಕಲಾಯಲು ಹೊರಟಳು. ಹೊಲವನ್ನು ಕೊಯ್ಯುವಾಗ ಅಂಚುಗಳನ್ನು ಪೂರ್ತಿಯಾಗಿ ಕೊಯ್ಯಬಾರದು, ಬಿದ್ದ ತೆನೆಗಳನ್ನು ಒಡೆಯನು ತಿರಿಗಿ ಆರಿಸಬಾರದು, ಮರೆತ ಸಿವುಡನ್ನು ತರಲು ಹಿಂದಕ್ಕೆ ಹೋಗಬಾರದು, ಅವು ಬಡವರಿಗೂ ಪರದೇಶಿಗೂ ಅನಾಥನಿಗೂ ವಿಧವೆಗೂ ಸೇರಿದವುಗಳೆಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಆಜ್ಞೆಯುಂಟು. ರೂತಳು ಬಡವಳೂ ಪರದೇಶಿಯೂ ವಿಧವೆಯೂ ಆಗಿದ್ದಳು. ಆದಕಾರಣ ಆಕೆ ಆಯ್ದದ್ದು ಭಿಕ್ಷವಲ್ಲ, ದೇವರು ಆಕೆಗೆಂದು ಹೊಲದಲ್ಲಿ ಇಟ್ಟಿದ್ದ ಪಾಲು. ಆದರೂ ಒಡೆಯನಿಗೆ ಮನಸ್ಸಿಲ್ಲದಿದ್ದರೆ ಆ ಪಾಲು ಕೈಗೆ ಬರುವದು ಕಷ್ಟ. ಅದನ್ನು ಬಲ್ಲವಳಾಗಿಯೇ, ಯಾರ ದಯೆ ದೊರೆಯುವದೋ ಅವರ ಹಿಂದೆ ಆಯುವೆನೆಂದು ಹೇಳಿ ಆಕೆ ಹೊರಟಳು.

ಬೆಂಗಳೂರಿನ ದಕ್ಷಿಣಕ್ಕಿರುವ ನಮ್ಮ ಸೀಮೆಯಲ್ಲಿ ಹಕ್ಕಲು ಎಂಬ ಮಾತನ್ನು ವಯಸ್ಸಾದವರು ಇನ್ನೂ ಮರೆತಿಲ್ಲ. ಸಾರಕ್ಕಿ, ಪುಟ್ಟೇನಹಳ್ಳಿ, ಬೈರಸಂದ್ರ, ತಾವರೆಕೆರೆ, ಮಡಿವಾಳ ಇವೆಲ್ಲಾ ಆಗ ಹೊಲಗದ್ದೆಗಳ ಗ್ರಾಮಗಳು. ರಾಗಿ ಕೊಯಿಲಾದ ಮೇಲೆ ಬಡವರ ಹೆಂಗಸರೂ ಮಕ್ಕಳೂ ಕುಕ್ಕೆ ಹಿಡಿದು ಬಿದ್ದ ತೆನೆಗಳನ್ನು ಆಯುತ್ತಿದ್ದರು. ೧೯೪೮ ರಲ್ಲಿ ಜಯನಗರವು ಆರಂಭವಾಯಿತು. ಅದರ ತರುವಾಯ ಬನಶಂಕರಿ, ಜಯಪ್ರಕಾಶನಗರಗಳ ಬಡಾವಣೆಗಳು ಬಂದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಈ ಮೂರು ಗ್ರಾಮಗಳ ಮೊದಲಕ್ಷರಗಳು ಸೇರಿ ಬಿ.ಟಿ.ಎಂ. ಎಂಬ ಬಡಾವಣೆಯ ಹೆಸರಾಯಿತು. ಹೊಲಗಳು ಹೋದವು, ಹಕ್ಕಲು ಹೋಯಿತು. ಆದರೆ ಹಕ್ಕಲಾಯುವವರು ಹೋಗಲಿಲ್ಲ. ಅವರ ಸಂಗತಿಯನ್ನು ಕೊನೆಯಲ್ಲಿ ಹೇಳುವೆವು.

ರೂತಳು ಕಾಲಿಟ್ಟದ್ದು ಎಲೀಮೆಲೆಕನ ಬಂಧುವಾದ ಬೋವಜನ ಹೊಲ. ಅವನು ಬಂದು ಕೊಯ್ಯುವವರಿಗೆ ದೇವರ ಹೆಸರಿನಲ್ಲಿ ವಂದಿಸಿ, ಈ ಹುಡುಗಿ ಯಾರವಳೆಂದು ಮೇಸ್ತ್ರಿಯನ್ನು ಕೇಳಿದನು. ನೊವೊಮಿಯ ಸಂಗಡ ಬಂದ ಮೋವಾಬ್ಯಳೆಂದು ಮೇಸ್ತ್ರಿಯು ಹೇಳಿದನು, ಹೆಸರನ್ನು ಹೇಳಲಿಲ್ಲ. ಬೋವಜನಾದರೋ ಆಕೆಯನ್ನು ಮಗಳೆಂದು ಕರೆದು ಮಾತಾಡಿಸಿದನು. ಬೇರೆ ಹೊಲಕ್ಕೆ ಹೋಗದೆ ತನ್ನ ಹೆಣ್ಣಾಳುಗಳ ಸಂಗಡಲೇ ಇರಬೇಕೆಂದನು. ಯಾವನೂ ಆಕೆಯನ್ನು ಮುಟ್ಟಕೂಡದೆಂದು ಗಂಡಾಳುಗಳಿಗೆ ಕಟ್ಟಪ್ಪಣೆ ಮಾಡಿದನು. ಬಾಯಾರಿದರೆ ಆಳುಗಳು ಸೇದಿ ತಂದ ನೀರಿನ ಪಾತ್ರೆಗಳಿಂದಲೇ ಕುಡಿಯಬೇಕೆಂದನು. ಊಟದ ವೇಳೆಯಲ್ಲಿ ಆಕೆಯನ್ನು ಹತ್ತಿರಕ್ಕೆ ಕರೆದು, ರೊಟ್ಟಿಯನ್ನು ಹುಳಿರಸದಲ್ಲಿ ಅದ್ದಿ ತಿನ್ನಬೇಕೆಂದು ಹೇಳಿ, ತನ್ನ ಕೈಯಿಂದಲೇ ಹುರಿದ ತೆನೆಯನ್ನು ಕೊಟ್ಟನು. ಆಕೆಯು ತಿಂದು ತೃಪ್ತಳಾಗಿ ಉಳಿದದ್ದನ್ನು ಅತ್ತೆಗೋಸ್ಕರ ಕಟ್ಟಿಕೊಂಡಳು.

ಒಂದೇ ಪಾತ್ರೆಯ ನೀರು, ಒಂದೇ ಪಂಕ್ತಿಯ ಊಟ, ಇವು ಎಷ್ಟು ದೊಡ್ಡ ಸಂಗತಿಗಳೆಂಬದನ್ನು ನಮ್ಮ ಗ್ರಾಮಗಳವರಿಗೆ ವಿವರಿಸಬೇಕಾಗಿಲ್ಲ. ದೂರದಿಂದ ಎತ್ತಿ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವರ ಮಕ್ಕಳು ನಮ್ಮೊಳಗೆ ಎಷ್ಟೋ ಮಂದಿ ಇದ್ದಾರೆ. ಬೋವಜನಿಗೆ ಈ ಬುದ್ಧಿ ಎಲ್ಲಿಂದ ಬಂದಿತೆಂದು ಕೇಳಿದರೆ, ಮತ್ತಾಯನು ಬರೆದ ವಂಶಾವಳಿಯು ಒಂದು ಸುಳಿವನ್ನು ಕೊಡುತ್ತದೆ. ಅವನನ್ನು ಹೆತ್ತವಳು ಯೆರಿಕೋವಿನ ರಹಾಬಳೆಂದು ಅಲ್ಲಿ ಹೇಳಿದೆ. ಪರಕುಲದವಳ ತೊಡೆಯ ಮೇಲೆ ಬೆಳೆದವನು ಪರಕುಲದವಳನ್ನು ಕಂಡಾಗ ತನ್ನ ತಾಯಿಯನ್ನು ನೆನಸಿರಬಹುದು.

ಆ ದಿನ ಬೋವಜನು ಆಳುಗಳಿಗೆ ಗುಟ್ಟಾಗಿ ಇನ್ನೊಂದು ಮಾತನ್ನು ಹೇಳಿದನು. ಕಟ್ಟಿದ ಸಿವುಡುಗಳಿಂದಲೇ ಕೆಲವು ತೆನೆಗಳನ್ನು ಬೇಕೆಂದು ಎಳೆದು ಬೀಳಿಸಬೇಕು, ಆಕೆಯನ್ನು ಗದರಿಸಬಾರದು ಎಂದನು. ಧರ್ಮಶಾಸ್ತ್ರವು ಕೇಳಿದ್ದು ಅಂಚನ್ನು ಮಾತ್ರ; ಇವನು ನಡುವಿನಿಂದಲೂ ಕೊಟ್ಟನು. ಕೊಟ್ಟದ್ದು ತಿಳಿಯದಂತೆ ಕೊಟ್ಟದ್ದರಿಂದ ಆಕೆಯು ದುಡಿದು ತಂದೆನೆಂಬ ಮಾನದಿಂದ ಮನೆಗೆ ಹೋದಳು. ಸಂಜೆಯಲ್ಲಿ ಬಡಿದು ಅಳೆದಾಗ ಸುಮಾರು ಒಂದು ಏಫದಷ್ಟು, ಅಂದರೆ ೨೨ ಲೀಟರಿನಷ್ಟು ಜವೆಗೋಧಿಯಾಯಿತು. ಅದನ್ನು ಕಂಡ ನೊವೊಮಿಯ ಬಾಯಲ್ಲಿ, ಕಹಿಯಾದ ಮಾತುಗಳ ತರುವಾಯ, ಮೊದಲನೆಯ ಸಲ ದೇವಸ್ತುತಿ ಹೊರಟಿತು. ಜವೆಗೋಧಿಯ ಸುಗ್ಗಿಯೂ ಗೋಧಿಯ ಸುಗ್ಗಿಯೂ ಮುಗಿಯುವವರೆಗೆ, ಸುಮಾರು ಏಳು ವಾರ, ರೂತಳು ಅದೇ ಹೊಲಗಳಲ್ಲಿ ದುಡಿದಳು. ಯೆಹೂದ್ಯರು ಇಂದಿಗೂ ಗೋಧಿಯ ಸುಗ್ಗಿಯ ವಾರಗಳ ಹಬ್ಬದಲ್ಲಿ ತಮ್ಮ ಸಭಾಮಂದಿರಗಳಲ್ಲಿ ಈ ಪುಸ್ತಕವನ್ನು ಓದುತ್ತಾರೆ.

ಸುಗ್ಗಿ ಮುಗಿದ ಮೇಲೆ ಏನು ಗತಿಯೆಂದು ನೊವೊಮಿಯು ಆಲೋಚಿಸಿದಳು. ಮಕ್ಕಳಿಲ್ಲದೆ ಸತ್ತವನ ಹೊಲವನ್ನೂ ಹೆಸರನ್ನೂ ಸಮೀಪಬಂಧುವು ಉಳಿಸಿಕೊಡುವ ಪದ್ಧತಿಯು ಇಸ್ರಾಯೇಲ್ಯರಲ್ಲಿತ್ತು. ಬೋವಜನು ಅಂಥ ಬಂಧು. ಅವನು ರಾಶಿಯ ಕಾವಲಿಗಾಗಿ ಕಣದಲ್ಲಿ ಮಲಗುವ ರಾತ್ರಿ, ರೂತಳು ಮಿಂದು ಬಟ್ಟೆಯುಟ್ಟು ಹೋಗಿ ಅವನ ಪಾದಗಳ ಬಳಿಯಲ್ಲಿ ಮಲಗಬೇಕೆಂದು ಅತ್ತೆಯು ಹೇಳಿದಳು. ಇದು ಅಪಾಯದ ಕೆಲಸ. ಒಂಟಿ ಹೆಂಗಸು, ಅದರಲ್ಲಿಯೂ ಮೋವಾಬ್ಯಳು, ಕತ್ತಲೆಯಲ್ಲಿ ಕಣಕ್ಕೆ ಹೋದಳೆಂದು ಊರಿಗೆ ತಿಳಿದರೆ ಆಕೆಯ ಮಾನವು ಉಳಿಯುತ್ತಿರಲಿಲ್ಲ. ಮಧ್ಯರಾತ್ರಿಯಲ್ಲಿ ಬೋವಜನು ಬೆಚ್ಚಿಬಿದ್ದು ಎದ್ದು ಯಾರೆಂದು ಕೇಳಿದಾಗ, ಮೇಸ್ತ್ರಿಯು ಹೇಳದಿದ್ದ ಹೆಸರನ್ನು ಆಕೆಯು ತಾನೇ ಹೇಳಿದಳು. ಹೊದಿಕೆಯ ಸೆರಗನ್ನು ತನ್ನ ಮೇಲೆ ಹರಡಬೇಕೆಂದು, ಅಂದರೆ ತನ್ನನ್ನು ಮದುವೆಯಾಗಬೇಕೆಂದು, ಬಂಧುತ್ವದ ಹಕ್ಕಿನಿಂದ ಕೇಳಿಕೊಂಡಳು.

ಇಲ್ಲಿ ಒಂದು ವಿಶೇಷವುಂಟು. ಇಬ್ರಿಯ ಭಾಷೆಯಲ್ಲಿ ರೆಕ್ಕೆಗೂ ಬಟ್ಟೆಯ ಸೆರಗಿಗೂ ಒಂದೇ ಶಬ್ದ. ಹೊಲದಲ್ಲಿ ಮೊದಲನೆಯ ದಿನ ಬೋವಜನು, ದೇವರ ರೆಕ್ಕೆಗಳ ಮರೆಗೆ ಬಂದ ಆಕೆಗೆ ದೇವರು ಪೂರ್ಣ ಪ್ರತಿಫಲವನ್ನು ಕೊಡಲೆಂದು ಹರಸಿದ್ದನು. ಈಗ ರೂತಳು ಅದೇ ಶಬ್ದದಿಂದ ಅವನ ಸೆರಗನ್ನು ಕೇಳಿದಳು. ಇನ್ನೊಬ್ಬರಿಗಾಗಿ ನಾವು ಮಾಡುವ ಪ್ರಾರ್ಥನೆಗೆ ಉತ್ತರವಾಗಿ ದೇವರು ಕೆಲವು ಸಾರಿ ನಮ್ಮನ್ನೇ ಕಳುಹಿಸುತ್ತಾನೆ. ಬೋವಜನು ಅದನ್ನು ತಿಳಿದುಕೊಂಡನು. ಆಕೆಯನ್ನು ಗುಣವತಿಯೆಂದು ಹೊಗಳಿ, ತನಗಿಂತ ಸಮೀಪನಾದ ಬಂಧುವೊಬ್ಬನು ಇರುವದರಿಂದ ಅವನನ್ನು ಮೊದಲು ಕೇಳಬೇಕೆಂದು ತಿಳಿಸಿ, ಆಕೆಗೆ ಕೆಟ್ಟ ಹೆಸರು ಬಾರದಂತೆ ಬೆಳಗಾಗುವ ಮುಂಚೆ, ಸೆರಗಿನಲ್ಲಿ ಆರು ಅಳತೆ ಜವೆಗೋಧಿಯನ್ನು ಹಾಕಿ ಕಳುಹಿಸಿದನು.

ಮರುದಿನ ಅವನು ಊರ ಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿ ಪಂಚಾಯಿತಿ ಮಾಡಿದನು. ಆ ಸಮೀಪಬಂಧುವು ಹೊಲವನ್ನು ಕೊಂಡುಕೊಳ್ಳಲು ಒಪ್ಪಿದನು. ಹೊಲದ ಸಂಗಡ ಮೋವಾಬ್ಯಳಾದ ರೂತಳನ್ನೂ ತೆಗೆದುಕೊಳ್ಳಬೇಕೆಂದು ಕೇಳಿದ ಕೂಡಲೇ, ತನ್ನ ಸ್ವಾಸ್ತ್ಯಕ್ಕೆ ನಷ್ಟವಾಗುವದೆಂದು ಹೇಳಿ ಹಿಂದೆ ಸರಿದು, ಆ ಕಾಲದ ಪದ್ಧತಿಯ ಪ್ರಕಾರ ಕೆರವನ್ನು ಬಿಚ್ಚಿಕೊಟ್ಟನು. ಆಶ್ಚರ್ಯವೇನೆಂದರೆ, ತನ್ನ ಮನೆತನವನ್ನು ಕಾಪಾಡಿಕೊಳ್ಳಲು ಯತ್ನಿಸಿದ ಆ ಮನುಷ್ಯನ ಹೆಸರು ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಅವನು ಬೇಡವೆಂದ ಮೋವಾಬ್ಯಳ ಹೆಸರು ಗ್ರಂಥದ ಹಣೆಯ ಮೇಲಿದೆ.

ಬೋವಜನು ರೂತಳನ್ನು ಮದುವೆಯಾದನು. ವಿಧವೆಯ ಮದುವೆಗೆ ಊರಿನ ಹಿರಿಯರೇ ಸಾಕ್ಷಿಗಳಾಗಿ, ರಾಹೇಲ್ ಲೇಯರಂತೆ ಆಕೆಯು ಮನೆಯನ್ನು ಕಟ್ಟಲೆಂದು ಹರಸಿದರು. ಒಂದು ಗಂಡುಕೂಸು ಹುಟ್ಟಿತು. ಅಂದು ನೊವೊಮಿಯನ್ನು ಎದುರುಗೊಂಡಿದ್ದ ಊರ ಹೆಂಗಸರೇ ಈಗ ಬಂದು, ಏಳು ಗಂಡುಮಕ್ಕಳಿಗಿಂತಲೂ ಈ ಸೊಸೆಯೇ ಆಕೆಗೆ ಮೇಲೆಂದು ಹೇಳಿ, ಕೂಸಿಗೆ ಓಬೇದನೆಂದು ಹೆಸರಿಟ್ಟರು. ಬರಿಗೈಯವಳ ಮಡಿಲಲ್ಲಿ ಕೂಸು ಮಲಗಿತು. ಸುಗ್ಗಿಯ ಮೊದಲಲ್ಲಿ ಯಾರ ಕಣ್ಣಿಗೂ ಬೀಳದಿದ್ದವಳನ್ನು ಈಗ ಊರೆಲ್ಲಾ ಕಂಡಿತು. ಓಬೇದನ ಮಗನು ಇಷಯನು. ಇಷಯನ ಮಗನು ದಾವೀದನು. ದಾವೀದನು ಸೌಲನಿಗೆ ಹೆದರಿ ಓಡುತ್ತಿದ್ದಾಗ ತನ್ನ ತಾಯಿತಂದೆಗಳನ್ನು ಒಪ್ಪಿಸಿದ್ದು ಮೋವಾಬ್ ಅರಸನ ವಶಕ್ಕೆ. ಮುತ್ತಜ್ಜಿಯ ತೌರು ಅವನಿಗೆ ನೆನಪಿತ್ತೆಂದು ಕಾಣುತ್ತದೆ. ಸಾವಿರ ವರ್ಷಗಳ ತರುವಾಯ ಮತ್ತಾಯನು ನಮ್ಮ ಕರ್ತನ ವಂಶಾವಳಿಯನ್ನು ಬರೆಯುವಾಗ ತಾಮಾರಳನ್ನೂ ರಹಾಬಳನ್ನೂ ಬರೆದಂತೆ ರೂತಳನ್ನೂ ಹೆಸರೆತ್ತಿ ಬರೆದನು.

ಮೋವಾಬ್ಯರು ಸಭೆಯಲ್ಲಿ ಸೇರಕೂಡದೆಂಬ ವಿಧಿಯು ಹಾಗಾದರೆ ಏನಾಯಿತು? ಎಜ್ರ ನೆಹೆಮೀಯರ ದಿನಗಳಲ್ಲಿ, ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ, ಆ ವಿಧಿಯನ್ನು ಓದಿ ಅನ್ಯದೇಶದ ಹೆಂಡತಿಯರನ್ನು ಕಳುಹಿಸಿಬಿಟ್ಟದ್ದೂ ಉಂಟು. ಆ ಕಾಲದವರು ಜನಾಂಗವು ವಿಗ್ರಹಾರಾಧನೆಯಲ್ಲಿ ಕರಗಿಹೋಗುವದೆಂದು ಹೆದರಿದರು. ಅವರ ಹೆದರಿಕೆಗೆ ಕಾರಣವಿಲ್ಲದಿರಲಿಲ್ಲ. ಆದರೂ ಅದೇ ಸತ್ಯವೇದದಲ್ಲಿ ರೂತಳ ಪುಸ್ತಕವೂ ಇದೆ. ವಿಧಿಗೆ ಕೊಟ್ಟ ಮೊದಲನೆಯ ಕಾರಣವನ್ನು ನೆನಸಿರಿ: ಮೋವಾಬ್ಯರು ರೊಟ್ಟಿ ನೀರುಗಳೊಡನೆ ಎದುರುಗೊಳ್ಳಲಿಲ್ಲ. ಆ ಜನಾಂಗದ ಒಬ್ಬ ಮಗಳು ಇಸ್ರಾಯೇಲಿನ ಹಸಿದ ವಿಧವೆಗೆ ದಿನದಿನವೂ ರೊಟ್ಟಿಯನ್ನು ದುಡಿದು ತಂದಳು. ಇಸ್ರಾಯೇಲಿನ ಒಬ್ಬ ಮಗನು ಮೋವಾಬಿನ ಬಾಯಾರಿದ ವಿಧವೆಗೆ ನೀರನ್ನೂ ರೊಟ್ಟಿಯನ್ನೂ ಕೊಟ್ಟನು. ಮುನ್ನೂರಾಳು ಸೇರಿದರೂ ತೀರದ ಹಗೆಯು ಒಂದು ಹೊಲದ ಬದುವಿನಲ್ಲಿ ಊಟದ ಹೊತ್ತಿನಲ್ಲಿ ತೀರಿತು. ಜನಾಂಗಗಳ ಪಾಪವು ರೊಟ್ಟಿ ನೀರುಗಳನ್ನು ಕೊಡದ್ದರಿಂದ ಬಂದಿದ್ದರೆ, ಅದು ಹೋಗುವದೂ ಅವುಗಳನ್ನು ಕೊಡುವದರಿಂದಲೇ ಎಂಬದನ್ನು ಈ ಚರಿತ್ರೆಯಿಂದ ನಾವು ಕಲಿಯುತ್ತೇವೆ.

ಈಗ ಹಕ್ಕಲಾಯುವವರ ಸಂಗತಿಗೆ ಬರುವೆವು. ಜಯನಗರ, ಜಯಪ್ರಕಾಶನಗರಗಳ ಸುತ್ತಲೂ ಕಟ್ಟಡಗಳು ಏಳುತ್ತಿರುವಲ್ಲಿ ಮಳೆಯಿಲ್ಲದ ಸೀಮೆಗಳಿಂದ, ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ, ಕುಟುಂಬಗಳು ಬಂದು ತಗಡಿನ ಶೆಡ್ಡುಗಳಲ್ಲಿ ಇಳಿಯುತ್ತವೆ. ಕೆಲವು ತಿಂಗಳ ಹಿಂದೆ ಅಂಥ ಕಡೆಯಿಂದ ಒಬ್ಬ ಮುದುಕಿಯೂ ಆಕೆಯ ಸೊಸೆಯೂ ನಾವು ಉಪದೇಶ ಮಾಡುವ ಒಂದು ಸಣ್ಣ ಸಭೆಗೆ ಬರತೊಡಗಿದರು. ಇಬ್ಬರೂ ವಿಧವೆಯರೆಂದು ಯಾರೋ ಹೇಳಿದರು. ಅವರು ಬಾಗಿಲ ಬಳಿಯಲ್ಲಿ, ಚಪ್ಪಲಿಗಳನ್ನು ಬಿಡುವ ಕಡೆ, ಕುಳಿತುಕೊಳ್ಳುತ್ತಿದ್ದರು. ಮುಂದೆ ಸ್ಥಳವಿತ್ತು; ಬನ್ನಿರೆಂದು ಯಾರೂ ಕರೆಯಲಿಲ್ಲ. ಆರಾಧನೆ ಮುಗಿದ ಮೇಲೆ ಅವರು ಯಾವ ಜನವೆಂದು ನಮ್ಮ ಹಳೆಯ ಮನೆತನಗಳವರು ತಮ್ಮೊಳಗೆ ಕೇಳಿಕೊಂಡರು; ಅವರನ್ನೇ ಹೆಸರು ಕೇಳಲಿಲ್ಲ. ಇತರರ ಮೇಲೆ ತಪ್ಪು ಹೊರಿಸಲಾರೆವು, ಏಕೆಂದರೆ ನಾವೂ ಕೇಳಲಿಲ್ಲ. ಆರನೆಯ ಭಾನುವಾರ ನಾವು ಪ್ರಸಂಗಕ್ಕೆ ತೆಗೆದುಕೊಂಡದ್ದು ರೂತಳ ಪುಸ್ತಕವನ್ನೇ. ಸೊಸೆಯು ಕಣ್ಣು ಕದಲಿಸದೆ ಕೇಳುತ್ತಿದ್ದಳು. ಮುಂದಿನ ವಾರ ಮಾತಾಡಿಸೋಣವೆಂದು ನಾವು ಅಂದುಕೊಂಡೆವು. ಮುಂದಿನ ವಾರ ಅವರು ಬರಲಿಲ್ಲ. ಹುಡುಕಿಕೊಂಡು ಹೋದಾಗ ಕಟ್ಟಡದ ಕೆಲಸ ಮುಗಿದು ಶೆಡ್ಡುಗಳನ್ನು ಕಿತ್ತಿದ್ದರು. ಎಲ್ಲಿಗೆ ಹೋದರೆಂದು ಕಾವಲುಗಾರನಿಗೆ ತಿಳಿಯದು. ಹೆಸರು ತಿಳಿಯದವರನ್ನು ಏನೆಂದು ಕೇಳಿ ಹುಡುಕುವದು?

ಬೇತ್ಲೆಹೇಮಿನ ಮೇಸ್ತ್ರಿಯ ತಪ್ಪೇ ನಮ್ಮ ತಪ್ಪು. ರೂತಳ ಚರಿತ್ರೆಯನ್ನು ಬಾಯಿಪಾಠವಾಗಿ ಬಲ್ಲ ನಾವು ಬಾಗಿಲಲ್ಲಿ ಕುಳಿತ ರೂತಳನ್ನು ಕಾಣಲಿಲ್ಲ. ಅಂದಿನಿಂದ ಆ ಸಭೆಯಲ್ಲಿ ಇಬ್ಬರು ಹಿರಿಯ ತಾಯಂದಿರು ಬಾಗಿಲ ಬಳಿಯಲ್ಲಿ ನಿಲ್ಲುತ್ತಾರೆ. ಹೊಸಬರು ಬಂದರೆ ಹೆಸರನ್ನು ಕೇಳುತ್ತಾರೆ, ಎಲ್ಲಿ ಇಳಿದಿದ್ದಾರೆಂದು ಕೇಳುತ್ತಾರೆ, ಊಟವಾಯಿತೋ ಎಂದು ಕೇಳುತ್ತಾರೆ. ಯಾವ ಜನವೆಂದು ಕೇಳುವದಿಲ್ಲ. ಇದು ಬಹು ಸಣ್ಣ ಕೆಲಸ. ಆದರೆ ಆ ಇಬ್ಬರಿಗೆ ಇದು ದೊರೆಯಲಿಲ್ಲ.

ಹೊಸದಾಗಿ ನಂಬಿ ಬಂದಿರುವ ಸಹೋದರಿಯರೇ, ಹಿಂದಿನ ಊರನ್ನೂ ಕುಲವನ್ನೂ ಎತ್ತಿ ಯಾರಾದರೂ ಮಾತಾಡಿದರೆ ತಲೆ ತಗ್ಗಿಸಬೇಡಿರಿ. ರೂತಳನ್ನು ಕೊನೆಯವರೆಗೂ ಮೋವಾಬ್ಯಳೆಂದೇ ಗ್ರಂಥವು ಕರೆಯುತ್ತದೆ. ಆ ಹೆಸರಿನೊಡನೆಯೇ ಆಕೆಯು ಕರ್ತನ ವಂಶದಲ್ಲಿ ಸೇರಿದಳು. ಅತ್ತೆಯರೇ, ನಿಮ್ಮ ದುಃಖದ ದಿನದಲ್ಲಿ ಮಗ್ಗುಲಲ್ಲಿ ನಿಂತಿರುವ ಸೊಸೆಯನ್ನು ಕಾಣದೆ ಬರಿಗೈಯವಳಾದೆನೆಂದು ಹೇಳಬೇಡಿರಿ. ಕೂಲಿ ಕೊಡುವ ಒಡೆಯರೇ, ನಿಮ್ಮ ಹೊಲದಲ್ಲಾಗಲಿ ಮನೆಯಲ್ಲಾಗಲಿ ದುಡಿಯುವ ಹೆಣ್ಣುಮಕ್ಕಳಿಗೆ ಭಯವಿಲ್ಲದಂತೆ ನೋಡಿಕೊಳ್ಳಿರಿ. ನಿಮ್ಮ ಪಾತ್ರೆಯಿಂದಲೇ ಅವರಿಗೆ ನೀರು ಕೊಡಿರಿ. ಕೊಡುವಾಗ ಅವರ ಮಾನ ಉಳಿಯುವ ಹಾಗೆ ಕೊಡಿರಿ. ಹಳೆಯ ಮನೆತನಗಳವರೇ, ನಮ್ಮ ತಾತಮುತ್ತಾತಂದಿರು ಬಂದ ದಿನ ಅವರನ್ನು ಒಳಗೆ ಕರೆದವರು ಯಾರೋ ಇದ್ದರೆಂಬದನ್ನು ಮರೆಯದಿರೋಣ.

ಆ ಅತ್ತೆಸೊಸೆಯರು ಇಂದು ಯಾವ ಊರಿನಲ್ಲಿ ಯಾರ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿರುವರೋ ದೇವರೇ ಬಲ್ಲನು. ಇದನ್ನು ಓದುವ ಯಾವ ಸಭೆಯ ಬಾಗಿಲಿಗೆ ಅವರು ಬಂದರೂ ಮುಂದಕ್ಕೆ ಕರೆದು ಕೂರಿಸಬೇಕೆಂದು ನಮ್ಮ ಪ್ರಾರ್ಥನೆ. ತನ್ನ ರೆಕ್ಕೆಗಳ ಮರೆಯಲ್ಲಿ ರೂತಳಿಗೆ ಸ್ಥಳ ಕೊಟ್ಟ ಕರ್ತನು ಅವರಿಗೂ ನಮಗೂ ಸ್ಥಳ ಕೊಡಲಿ. ಆಮೆನ್.